ಯಾವ ಪೆಟ್ಟಿಗೆ ನಿಜವಾದ್ದು?



ಇತಿಹಾಸದ ಮೇಷ್ಟ್ರನ್ನು ಕರೆದರೆ ಕೆಳದಿ, ಬಸರೂರು, ಶಾಸನ ಎಂದು ಒಂದು ಗಂಟೆ ಕೊರೆಯುತ್ತಾನೆ ಎಂದು ಹೆದರಿ ಬಂದವರು ಸ್ವಲ್ಪ ನಿರಾಳವಾಗಿ ಕೂರಬಹುದು. ಇವತ್ತಿನ ಮಾತು ನೆದರ್ಲೆಂಡ್ಸಿನದು. ಹಾಗಂತ ಬಸರೂರಿಗೆ ಒಂದು ಸುತ್ತು ಹೋಗದೆ ಬಿಡುವವನಲ್ಲ ನಾನು. ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ.

ನನ್ನ ಮಗಳ ಸಂಸಾರ ಐಂಡ್‌ಹೋವನ್ ಪಕ್ಕದಲ್ಲಿದೆ. ಚಿಪ್ ಮಾಡುವ ಯಂತ್ರಗಳ ದೊಡ್ಡ ಕಾರ್ಖಾನೆ ಅಲ್ಲೇ ವೆಲ್ಡ್‌ಹೋವನ್‌ನಲ್ಲಿ ಇರುವುದರಿಂದ ಆ ಸುತ್ತಿನಲ್ಲಿ ಕನ್ನಡ ಕೇಳಿಸುವ ಮನೆಗಳು ಈಗ ಬೇಕಷ್ಟಿವೆ. ಎರಡು ಬೇಸಿಗೆ ಅಲ್ಲಿ ಕಳೆದೆ. ನಿವೃತ್ತ ಮೇಷ್ಟ್ರಿಗೆ ಪರದೇಶದಲ್ಲಿ ಇನ್ನೇನು ಕೆಲಸ? ಒಂಬತ್ತು ವರ್ಷದ ಮೊಮ್ಮಗಳ ಕೈ ಹಿಡಿದು ಮ್ಯೂಸಿಯಂ ಸುತ್ತಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಹದಿನೆಂಟು ವರ್ಷದವರೆಗೆ ಟಿಕೆಟ್ ಇಲ್ಲ. ದುಡ್ಡು ಕೊಡಬೇಕಾದವನು ಅಜ್ಜ ಒಬ್ಬನೇ.

ಆ ಮ್ಯೂಸಿಯಂನ 17ನೇ ಶತಮಾನದ ಕೋಣೆಗಳಲ್ಲಿ ಒಂದು ಮರದ ಪೆಟ್ಟಿಗೆ ಇದೆ. ನಮ್ಮ ಹಳೆಯ ಮನೆಗಳಲ್ಲಿ ಪಾತ್ರೆಪರಡಿ ತುಂಬಿ ಅಟ್ಟದ ಮೇಲೆ ಇಡುತ್ತಿದ್ದೆವಲ್ಲ, ಅದರ ಜಾತಿಯದೇ. ಆದರೆ ಅದರೊಳಗೆ ಒಬ್ಬ ಮನುಷ್ಯ ಕೂತು ಜೈಲಿನಿಂದ ಪಾರಾದ ಎಂಬುದು ಕತೆ. ಹ್ಯೂಗೋ ಗ್ರೋಷಿಯಸ್ ಎಂಬ ಮಹಾ ಪಂಡಿತ. ಕಾನೂನು ಓದಿದವರಿಗೆ ಈ ಹೆಸರು ಗೊತ್ತು. ರಾಜಕೀಯದ ಜಗಳದಲ್ಲಿ ಸೋತ ಪಕ್ಷದಲ್ಲಿದ್ದ. 1619ರಲ್ಲಿ ಜೀವಾವಧಿ ಶಿಕ್ಷೆ ಹಾಕಿ ಲೂವೆಸ್ಟೈನ್ ಕೋಟೆಗೆ ತಳ್ಳಿದರು. ಓದುವವನಲ್ಲವೇ, ಪೆಟ್ಟಿಗೆಯ ತುಂಬ ಪುಸ್ತಕ ಒಳಗೆ ಹೋಗುತ್ತಿತ್ತು, ಓದಿದ ಮೇಲೆ ಹೊರಗೆ ಬರುತ್ತಿತ್ತು. ಮೊದಮೊದಲು ಮುಚ್ಚಳ ತೆಗೆದು ನೋಡುತ್ತಿದ್ದ ಕಾವಲಿನವರಿಗೆ ಬರುಬರುತ್ತಾ ಬೇಜಾರು ಹತ್ತಿತು. ಅದನ್ನು ಗಮನಿಸಿದ್ದು ಅವನ ಹೆಂಡತಿ ಮರಿಯಾ. 1621ರ ಮಾರ್ಚ್ 22ರಂದು ಪುಸ್ತಕದ ಬದಲು ಗಂಡನನ್ನೇ ಪೆಟ್ಟಿಗೆಗೆ ತುಂಬಿ ಬೀಗ ಹಾಕಿ ಕಳಿಸಿದಳು. ಮನೆಗೆಲಸದ ಹುಡುಗಿ ಎಲ್ಸ್ಯೆ ಪೆಟ್ಟಿಗೆಯ ಜೊತೆಗೇ ದೋಣಿ ಹತ್ತಿ ಹೊಳೆ ದಾಟಿ ಗೊರಿಂಕೆಮ್ ಊರು ಮುಟ್ಟಿಸಿದಳು. ಪಂಡಿತ ಅಲ್ಲಿಂದ ಮುಂದೆ ಪ್ಯಾರಿಸ್ ಸೇರಿ, 1625ರಲ್ಲಿ ಯುದ್ಧ ಮತ್ತು ಶಾಂತಿಯ ನ್ಯಾಯದ ಮೇಲೆ ತನ್ನ ದೊಡ್ಡ ಗ್ರಂಥ ಪ್ರಕಟಿಸಿದ. ಎಲ್ಸ್ಯೆಯ ಎದೆ ಆ ದೋಣಿಯಲ್ಲಿ ಹೇಗೆ ಹೊಡೆದುಕೊಂಡಿತೋ, ಅದನ್ನು ಯಾರೂ ಗ್ರಂಥ ಮಾಡಲಿಲ್ಲ.

ಕತೆ ಕೇಳಿ ಮೊಮ್ಮಗಳು ಪೆಟ್ಟಿಗೆಯ ಉದ್ದಕ್ಕೆ ಕೈ ಚಾಚಿ ಅಳೆದಳು. ಆಮೇಲೆ, "ಅಜ್ಜ, ಇದು ನಿಜವಾದ್ದಾ? ನಮ್ಮ ಟೀಚರ್ ಲೂವೆಸ್ಟೈನ್‌ನಲ್ಲೂ ಒಂದಿದೆ ಅಂದ್ರಲ್ಲ" ಎಂದಳು. ಇದೆ. ಕೋಟೆಯಲ್ಲಿ ಒಂದಿದೆ, ಅವನು ಹುಟ್ಟಿದ ಡೆಲ್ಫ್ಟ್ ಊರಿನಲ್ಲೂ ಒಂದಿದೆ. ಮೂರೂ ಕಡೆಯವರಿಗೆ ತಮ್ಮದರ ಮೇಲೆ ಅಭಿಮಾನ. ಟಿಪ್ಪುವಿನ ಖಡ್ಗ ಎಂದು ಎಷ್ಟು ಖಡ್ಗಗಳು ಹರಾಜಿಗೆ ಬಂದವು ಎಂದು ನೆನೆಸಿಕೊಂಡರೆ ನಮಗೇನೂ ಆಶ್ಚರ್ಯವಾಗಬಾರದು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಆ ಮಗುವಿಗೆ ಕೊಡಲು ನೆಟ್ಟಗೆ ಒಂದು ಉತ್ತರ ಇರಲಿಲ್ಲ. ಇವತ್ತಿನ ನನ್ನ ಮಾತು ಹುಟ್ಟಿದ್ದು ಆ ಪ್ರಶ್ನೆಯಿಂದ. ವಸ್ತು ಸುಮ್ಮನೆ ಇರುತ್ತದೆ. ಮಾತಾಡುವುದು ಅದರ ಪಕ್ಕ ಅಂಟಿಸಿದ ಚೀಟಿ. ಆ ಚೀಟಿ ಬರೆಯುವವರು ಯಾರು, ತಪ್ಪಿದ್ದರೆ ತಿದ್ದುವವರು ಯಾರು ಎಂಬುದನ್ನು ಒಂದು ದೇಶ ಹೇಗೆ ನಿಭಾಯಿಸಿತು ಎಂದು ನೋಡೋಣ.

ರೈಕ್ಸ್‌ಮ್ಯೂಸಿಯಂ ಎಂದರೆ ಚಿತ್ರಶಾಲೆ, ರೆಂಬ್ರಾಂಟ್ ಇರುವ ಜಾಗ ಎಂದು ನಾವು ತಿಳಿದಿದ್ದೇವೆ. ಅದು ದೇಶದ ಇತಿಹಾಸದ ಮ್ಯೂಸಿಯಂ ಕೂಡ. 1800ರಲ್ಲಿ ಹೇಗ್‌ನಲ್ಲಿ ಬಾಗಿಲು ತೆರೆದದ್ದು 1808ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಬಂತು, ಈಗಿನ ಕಟ್ಟಡ 1885ರದು. ಕಟ್ಟಿದವನು ಪಿಯೆರ್ ಕೌಪರ್ಸ್. 2003ರಲ್ಲಿ ರಿಪೇರಿಗೆಂದು ಮುಚ್ಚಿದವರು ಮತ್ತೆ ಪೂರ್ತಿ ತೆರೆದದ್ದು 2013ರ ಏಪ್ರಿಲ್ 13ಕ್ಕೆ. ಹತ್ತು ವರ್ಷ, 37.5 ಕೋಟಿ ಯೂರೋ. ತಡವಾದದ್ದಕ್ಕೆ ಒಂದು ಕಾರಣ ಕೇಳಿದರೆ ನಗು ಬರುತ್ತದೆ: ಕಟ್ಟಡದ ಹೊಟ್ಟೆಯೊಳಗೇ ಒಂದು ಸೈಕಲ್ ದಾರಿ ಇದೆ. ವಾಸ್ತುಶಿಲ್ಪಿಗಳು ಅದನ್ನು ಕಿರಿದು ಮಾಡಲು ಹೊರಟರು, ಸೈಕಲ್ ಸವಾರರ ಸಂಘ ಪಟ್ಟು ಹಿಡಿಯಿತು. ಗೆದ್ದದ್ದು ಸೈಕಲ್ಲೇ. ಇವತ್ತಿಗೂ ರಾಷ್ಟ್ರೀಯ ಮ್ಯೂಸಿಯಂನ ನಡುವಿನಿಂದ ತರಕಾರಿ ಚೀಲ ನೇತುಹಾಕಿಕೊಂಡ ಹೆಂಗಸರು ಬೆಲ್ ಹೊಡೆಯುತ್ತ ಹೋಗುತ್ತಾರೆ.

ರಿಪೇರಿಯ ಹೊತ್ತಿನಲ್ಲಿ ಆದ ದೊಡ್ಡ ಬದಲಾವಣೆ ಬೇರೆ. ಮೊದಲು ಚಿತ್ರಗಳಿಗೆ ಒಂದು ವಿಭಾಗ, ಪೀಠೋಪಕರಣಕ್ಕೆ ಒಂದು, ಇತಿಹಾಸಕ್ಕೆ ಮತ್ತೊಂದು ಇತ್ತು. ಆ ಗೋಡೆ ಒಡೆದು ಶತಮಾನದ ಪ್ರಕಾರ ಎಲ್ಲವನ್ನೂ ಒಟ್ಟು ಸೇರಿಸಿದರು. ಎಂಬತ್ತು ಕೋಣೆಗಳಲ್ಲಿ ಸುಮಾರು 8,000 ವಸ್ತು, ಎಂಟು ನೂರು ವರ್ಷದ ಕತೆ. ಹಾಗಾಗಿ ಸುಂದರ ಚಿತ್ರದ ಎದುರಿಗೇ ತೋಪು, ಬೆಳ್ಳಿಯ ಬಟ್ಟಲಿನ ಪಕ್ಕದಲ್ಲೇ ಹಡಗಿನ ಮಾದರಿ. ಹುಡುಗರು ಗುಂಪುಗೂಡುವುದು ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಶ್ರೀಮಂತೆ 17ನೇ ಶತಮಾನದ ಕೊನೆಗೆ ಮಾಡಿಸಿದ ಗೊಂಬೆಮನೆಯ ಮುಂದೆ. ಬೀರುವಿನಷ್ಟೆತ್ತರದ ಆ ಮನೆಯಲ್ಲಿ ಚೀನಾದಿಂದ ತರಿಸಿದ ಪಿಂಗಾಣಿ, ಬೆರಳುದ್ದದ ಬುಟ್ಟಿ, ಅಡಿಗೆಮನೆ ಎಲ್ಲ ಇದೆ. ನಮ್ಮ ದಸರಾ ಗೊಂಬೆ ಕೂರಿಸುವವರಿಗೆ ತೋರಿಸಬೇಕು, ಹೊಟ್ಟೆಕಿಚ್ಚಿನಿಂದ ಒಂದು ವಾರ ನಿದ್ದೆ ಬರುವುದಿಲ್ಲ.

2015ರಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಬಂದವರೆಲ್ಲ ಚಿತ್ರಗಳ ಮುಂದೆ ಫೋನ್ ಎತ್ತಿ ಕ್ಲಿಕ್ಕಿಸಿ ಮುಂದಕ್ಕೆ ಹೋಗುತ್ತಿದ್ದರು. ಆಗ ಮ್ಯೂಸಿಯಂನವರು, ಫೋಟೋ ಬಿಡಿ, ಬರೆಯಿರಿ ಎಂದು ಪುಟ್ಟ ಪುಸ್ತಕ, ಪೆನ್ಸಿಲ್ ಕೈಗೆ ಕೊಡತೊಡಗಿದರು. ತೋಟದ ಬದಿಯಲ್ಲಿ ಹಳೆಯ ಚಿತ್ರಶಾಲೆಯ ಕಟ್ಟಡ ಇದೆ. ಈಗ ಅಲ್ಲಿ ಮಕ್ಕಳಿಗೂ ಮನೆಮಂದಿಗೂ ಚಿತ್ರ ಬರೆಯುವ ತರಗತಿ ನಡೆಸುತ್ತಾರೆ. ಕೈಯಲ್ಲಿ ಗೆರೆ ಎಳೆಯದೆ ಕಣ್ಣು ನೋಡುವುದಿಲ್ಲ ಎಂಬ ನಮ್ಮ ಡ್ರಾಯಿಂಗ್ ಮೇಷ್ಟ್ರ ಮಾತಿಗೆ ಅಷ್ಟು ದೂರದಲ್ಲಿ ಬೆಂಬಲ ಸಿಕ್ಕಿತು. ನನ್ನ ಮೊಮ್ಮಗಳು ಪೆಟ್ಟಿಗೆಯನ್ನು ಬರೆದು, ಒಳಗಿನಿಂದ ಎರಡು ಕಣ್ಣು ಇಣುಕುವ ಹಾಗೆ ಮಾಡಿದಳು.

ಇಷ್ಟೆಲ್ಲ ಇದ್ದರೂ ಡಚ್ಚರಿಗೆ ಸಮಾಧಾನ ಇರಲಿಲ್ಲ. ಕಲೆ ಬೆರೆಸದ, ಬರೀ ರಾಷ್ಟ್ರದ ಇತಿಹಾಸಕ್ಕೇ ಮೀಸಲಾದ ಮ್ಯೂಸಿಯಂ ಬೇಕು ಎಂಬ ಕೂಗು ಎದ್ದಿತು. ಅದಕ್ಕೊಂದು ಹಿನ್ನೆಲೆ ಇದೆ. 2002ರಲ್ಲಿ ಪಿಮ್ ಫೋರ್ಟೌನ್ ಎಂಬ ರಾಜಕಾರಣಿಯ ಕೊಲೆ, 2004ರಲ್ಲಿ ಚಿತ್ರ ನಿರ್ದೇಶಕ ಥಿಯೋ ವಾನ್ ಗೋಗ್ ಕೊಲೆ. ಶಾಂತ ದೇಶ ತಲ್ಲಣಿಸಿ, ನಾವು ಯಾರು ಎಂದು ಕೇಳಿಕೊಳ್ಳತೊಡಗಿತು. 2006ರಲ್ಲಿ ಎಡಪಕ್ಷದ ಯಾನ್ ಮರೈನಿಸ್ಸೆನ್, ಕ್ರೈಸ್ತ ಪಕ್ಷದ ಮ್ಯಾಕ್ಸಿಮ್ ವೆರ್ಹಾಗೆನ್ ಇಬ್ಬರೂ ಸೇರಿ ಸಂಸತ್ತಿನಲ್ಲಿ ಪ್ರಸ್ತಾವ ತಂದರು, ಒಪ್ಪಿಗೆಯೂ ಆಯಿತು. ಎಲ್ಲಿ ಕಟ್ಟುವುದು? ಆಮ್‌ಸ್ಟರ್‌ಡ್ಯಾಮ್, ಹೇಗ್, ಆರ್ನೆಮ್ ಮೂರೂ ಹಟ ಹಿಡಿದವು. ಮಂತ್ರಿ ಪ್ಲಾಸ್ಟರ್ಕ್ 2007ರಲ್ಲಿ ಆರ್ನೆಮ್ ಎಂದರು. ಊರು ಗೊತ್ತಾದ ಮೇಲೆ ಜಾಗದ ಜಗಳ: ಊರಾಚೆ ಕಾಡಿನ ಪಕ್ಕವೋ, ಪೇಟೆಯಲ್ಲಿ ಹೊಳೆಯ ಸೇತುವೆಯ ಬಳಿಯೋ? ಅದು ಮುಗಿಯುವಷ್ಟರಲ್ಲಿ ಕತೆಯ ಜಗಳ. ರಾಜಕಾರಣಿಗಳಿಗೆ ಇಸವಿಯ ಪ್ರಕಾರ ಮೊದಲಿಂದ ಕೊನೆಯವರೆಗೆ ಹೇಳಬೇಕು. ನೇಮಕವಾಗಿದ್ದ ಇಬ್ಬರು ನಿರ್ದೇಶಕರಿಗೆ ವಿಷಯದ ಪ್ರಕಾರ ಹೇಳಬೇಕು. ಹೀಗೆ ಎಳೆದಾಡುತ್ತಿರುವಾಗ ಆರ್ಥಿಕ ಬಿಕ್ಕಟ್ಟು ಬಂತು, ಹೊಸ ಸರ್ಕಾರ ದುಡ್ಡು ನಿಲ್ಲಿಸಿತು, 2011ರ ಕೊನೆಗೆ ಕಚೇರಿಗೇ ಬೀಗ ಬಿತ್ತು. ಶಂಕುಸ್ಥಾಪನೆಯ ಕಲ್ಲಿಗೆ ಪಾಚಿ ಹಿಡಿದ ಭವನಗಳನ್ನು ನೋಡಿ ಬೆಳೆದ ನಮಗೆ ಇದನ್ನು ಕೇಳಿದರೆ ಆ ದೇಶ ಒಮ್ಮೆಲೇ ಹತ್ತಿರವಾಗುತ್ತದೆ.

ಆ ಮ್ಯೂಸಿಯಂ ಏಳದೇ ಹೋದದ್ದು ಒಳ್ಳೆಯದೇ ಆಯಿತು ಎಂದು ನನಗನಿಸುತ್ತದೆ. ಏಕೆಂದರೆ ಅದರ ಬದಲಿಗೆ ಆದದ್ದು ನೋಡಿ. 2006ರಲ್ಲೇ ಸಾಹಿತ್ಯ ವಿದ್ವಾಂಸ ಫ್ರಿಟ್ಸ್ ವಾನ್ ಓಸ್ಟ್ರೊಮ್ ಅವರ ಸಮಿತಿ ಶಾಲೆಯ ಮಕ್ಕಳಿಗಾಗಿ ದೇಶದ ಇತಿಹಾಸವನ್ನು ಐವತ್ತು ಕಿಟಕಿಗಳಾಗಿ ಆರಿಸಿಕೊಟ್ಟಿತ್ತು. ಕಟ್ಟಡ ಕೈಬಿಟ್ಟ ಮೇಲೆ ಆ ಐವತ್ತು ಕಿಟಕಿಗಳ ಪ್ರದರ್ಶನವನ್ನು ಆರ್ನೆಮ್‌ನಲ್ಲಿ ಆಗಲೇ ಇದ್ದ ಬಯಲು ಮ್ಯೂಸಿಯಂ ವಹಿಸಿಕೊಂಡಿತು, 2017ರಲ್ಲಿ ತೆರೆಯಿತು. ಮಕ್ಕಳು ಅಲ್ಲಿ ಗುಂಡಿ ಒತ್ತುತ್ತಾರೆ, ಎಳೆಯುತ್ತಾರೆ, ತೂರುತ್ತಾರೆ. ಮೂರೇ ವರ್ಷಕ್ಕೆ, 2020ರಲ್ಲಿ, ಇತಿಹಾಸಕಾರ ಜೇಮ್ಸ್ ಕೆನಡಿ ಅವರ ಸಮಿತಿ ಪಟ್ಟಿಯನ್ನೇ ತಿದ್ದಿ ಹತ್ತು ಕಿಟಕಿ ಬದಲಿಸಿತು. ಹೊಸದಾಗಿ ಬಂದವರಲ್ಲಿ ಆಂಟನ್ ಡೆ ಕೋಮ್ ಒಬ್ಬರು. ಡಚ್ಚರ ವಸಾಹತಾಗಿದ್ದ ಸುರಿನಾಮಿನವರು, ಗುಲಾಮರ ಮನೆತನದವರು, 1934ರಲ್ಲಿ ಗುಲಾಮರ ಕಡೆಯಿಂದ ಸುರಿನಾಮಿನ ಇತಿಹಾಸ ಬರೆದವರು, ನಾಜಿಗಳ ವಿರುದ್ಧ ನಿಂತು 1945ರಲ್ಲಿ ಜರ್ಮನಿಯ ಶಿಬಿರದಲ್ಲಿ ಸತ್ತವರು. ಕಲ್ಲಿನ ಕಟ್ಟಡದ ಗೋಡೆಗೆ ಕೆತ್ತಿ ಕೂತಿದ್ದರೆ ಈ ತಿದ್ದುಪಡಿ ಇಷ್ಟು ಸಲೀಸಾಗಿ ಆಗುತ್ತಿತ್ತೇ?

ಆರ್ನೆಮ್‌ನ ಬಯಲು ಮ್ಯೂಸಿಯಂ ನೋಡದೆ ಆ ದೇಶದಿಂದ ಬರಬೇಡಿ. 1918ರಲ್ಲಿ ತೆರೆದದ್ದು, 44 ಹೆಕ್ಟೇರು. ಊರೂರಿನಲ್ಲಿ ಬೀಳಲಿದ್ದ ಮನೆ, ಗಿರಣಿ, ಅಂಗಡಿ, ಶಾಲೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ನಡುವೆ ಹಳೆಯ ಟ್ರಾಮ್ ಓಡುತ್ತದೆ. 1987ರಲ್ಲಿ ಸರ್ಕಾರ ಇದನ್ನು ಮುಚ್ಚಲು ಹೊರಟಾಗ ಜನ ಎದ್ದು ಕೂತು ಉಳಿಸಿಕೊಂಡರು. ಟ್ವೆಂಟೆ ಕಡೆಯ ಒಂದು ಮನೆಯೊಳಗೆ ಹೋದೆ. ಒಂದೇ ಮಾಡಿನಡಿ ಜನ, ದನ, ನಡುವೆ ಒಲೆ, ಹೊಗೆಗೆ ಚಿಮಣಿಯೂ ಇಲ್ಲ. ಕಣ್ಣು ಉರಿಯಿತು. ನನ್ನ ಹೆಂಡತಿ, "ನಮ್ಮ ಅಜ್ಜಿಮನೆ ವಾಸನೆ" ಅಂದಳು. ಅದೇ ಪರಿಮಳಕ್ಕೆ ಎರಡನೆಯ ಸಲ ಹೋದದ್ದು ನಾವು.

ಆದರೆ ನಾನು ಬಹಳ ಹೊತ್ತು ನಿಂತದ್ದು ಒಂದು ಬಡಕಲು ಮರದ ಬ್ಯಾರಕ್ಕಿನಲ್ಲಿ. ನನ್ನ ಮಗಳ ಮನೆಯಿಂದ ಹೆಚ್ಚು ದೂರವಿಲ್ಲದ ಲಾಗೆ ಮೀರ್ಡೆ ಎಂಬ ಊರಿನಿಂದ ತಂದದ್ದು ಅದು. ಇಂಡೋನೇಷ್ಯಾ ಕೈಬಿಟ್ಟು ಹೋದ ಮೇಲೆ ಡಚ್ಚರ ಸೈನ್ಯದಲ್ಲಿದ್ದ ಮೊಲುಕ್ಕನ್ ಸೈನಿಕರನ್ನೂ ಅವರ ಸಂಸಾರಗಳನ್ನೂ 1951ರಲ್ಲಿ ಹಡಗು ತುಂಬಿ ತಂದರು, ಸುಮಾರು 12,500 ಜನ. ಸ್ವಲ್ಪ ದಿನ ಇರಿ, ಮತ್ತೆ ಊರಿಗೆ ಕಳಿಸುತ್ತೇವೆ ಎಂದರು. ಬಂದಿಳಿಯುತ್ತಲೇ ಸೈನ್ಯದ ಕೆಲಸ ಹೋಯಿತು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವೆಸ್ಟರ್‌ಬೋರ್ಕ್ ಶಿಬಿರದಲ್ಲೂ ಕೆಲವರನ್ನು ಇಟ್ಟರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಬ್ಯಾರಕ್ಕಿನ ಒಳಗೆ ತೆಳು ಗೋಡೆ, ಇಕ್ಕಟ್ಟಿನ ಕೋಣೆ. ವಾಪಸು ಹೋಗುವವರು ಗೋಡೆಗೆ ಮೊಳೆ ಹೊಡೆಯುತ್ತಾರೆಯೇ ಎಂದು ಯೋಚಿಸುತ್ತ ನಿಂತೆ. ಗಾಳಿಗಿರಣಿಯ ಸಾಲಿನಲ್ಲೇ, ಅಷ್ಟೇ ಮರ್ಯಾದೆಯಿಂದ ಇದನ್ನೂ ರಾಷ್ಟ್ರದ ಮನೆ ಎಂದು ತಂದು ನಿಲ್ಲಿಸಿದ್ದಾರೆ. ಇದನ್ನು ದೊಡ್ಡ ಮಾತು ಎನ್ನುತ್ತೇನೆ.

ಮನೆಗಳನ್ನು ಬಿಚ್ಚಿ ತಂದು ಕಟ್ಟುವ ಹುಚ್ಚು ನಮ್ಮಲ್ಲೂ ಒಬ್ಬರಿಗಿತ್ತು. ಮಣಿಪಾಲದ ವಿಜಯನಾಥ ಶೆಣೈ, ಬ್ಯಾಂಕ್ ನೌಕರ. ಕುಂಜೂರಿನ ಚೌಕಿಮನೆ, ಭಟ್ಕಳದ ನವಾಯತರ ಮನೆ, ಕುಕನೂರಿನ ಕಮಲ ಮಹಲ್ ಎಲ್ಲ ತಂದು ಒಂದು ಊರನ್ನೇ ಮಾಡಿ 2017ರಲ್ಲಿ ತೀರಿಕೊಂಡರು. ಸಂಸತ್ತಿನ ಪ್ರಸ್ತಾವ ಇಲ್ಲ, ಐವತ್ತು ಕಿಟಕಿಯ ಸಮಿತಿ ಇಲ್ಲ. ಅವರ ಋಣ ನಮ್ಮ ಮೇಲಿದೆ. ಜೊತೆಗೆ ಒಂದು ಆಸೆಯನ್ನೂ ಹೇಳುತ್ತೇನೆ: ಹಂಚಿನ ಕಾರ್ಖಾನೆಯ ಕೂಲಿಗಳ ಲೈನುಮನೆಯನ್ನು, ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರ ಮನೆಯನ್ನು ಹೀಗೆ ತಂದು ನಿಲ್ಲಿಸುವ ಇನ್ನೊಬ್ಬ ಹುಚ್ಚ ಈ ಜಿಲ್ಲೆಯಲ್ಲಿ ಹುಟ್ಟಬೇಕು.

ಚೀಟಿಯ ಮಾತಿಗೆ ಮರಳುತ್ತೇನೆ. 2021ರ ಮೇ ತಿಂಗಳಲ್ಲಿ ರೈಕ್ಸ್‌ಮ್ಯೂಸಿಯಂ ಗುಲಾಮಗಿರಿಯ ಮೇಲೆ ಪ್ರದರ್ಶನ ಮಾಡಿತು. ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಉದ್ಘಾಟಿಸಿದರು. ಕೊರೋನಾದ ಕಾಲ, ನಾನು ಇಲ್ಲೇ ಮನೆಯಲ್ಲಿ ಕೂತಿದ್ದೆ, ಮಗಳು ಫೋನಿನಲ್ಲಿ ತೋರಿಸಿದಳು. ಹತ್ತು ಮನುಷ್ಯರ ಬದುಕಿನ ಮೂಲಕ ಕತೆ ಹೇಳಿದ್ದರು. ಅದರಲ್ಲಿ ಒಂದು ವಸ್ತು 1689ರ ಹಿತ್ತಾಳೆಯ ಕೊರಳಪಟ್ಟಿ, ಮೇಲೆ ಶ್ರೀಮಂತ ಮನೆತನದ ಲಾಂಛನ. ನೂರಕ್ಕೂ ಹೆಚ್ಚು ವರ್ಷ ಮ್ಯೂಸಿಯಂನ ಪುಸ್ತಕದಲ್ಲಿ ಅದು ನಾಯಿಯ ಕೊರಳಪಟ್ಟಿ ಎಂದೇ ದಾಖಲಾಗಿತ್ತು. ಯಾರೋ ಒಮ್ಮೆ ಆ ಕಾಲದ ಚಿತ್ರಗಳನ್ನು ತೆಗೆದು ಹುಡುಕಿದರು. ಇಂಥ ಪಟ್ಟಿ ಹಾಕಿಕೊಂಡ ನಾಯಿ ಸಿಗಲಿಲ್ಲ. ಸಿಕ್ಕಿದ್ದು ಶ್ರೀಮಂತರ ಹಿಂದೆ ತಟ್ಟೆ ಹಿಡಿದು ನಿಂತ ಕಪ್ಪು ಹುಡುಗರು. ಹಿತ್ತಾಳೆ ಅದೇ, ಲಾಂಛನವೂ ಅದೇ. ಒಂದು ಪದ ಬದಲಾದದ್ದೇ ನೋಡುವವನ ಗಂಟಲು ಒಣಗಿತು.

ಅದೇ ಹೊತ್ತಿಗೆ ಮ್ಯೂಸಿಯಂನ ಮಾಮೂಲು ಕೋಣೆಗಳಲ್ಲಿ 77 ವಸ್ತುಗಳಿಗೆ ಹೊಸ ಚೀಟಿ ಹಚ್ಚಿದರು. ರೆಂಬ್ರಾಂಟ್ 1634ರಲ್ಲಿ ಬರೆದ ಮಾರ್ಟೆನ್ ಮತ್ತು ಓಪ್ಯೆನ್ ದಂಪತಿಗಳ ಚಿತ್ರ ಗೊತ್ತಿರಬಹುದು. ನೆದರ್ಲೆಂಡ್ಸ್, ಫ್ರಾನ್ಸ್ ಎರಡೂ ಸೇರಿ 16 ಕೋಟಿ ಯೂರೋ ಕೊಟ್ಟು ಕೊಂಡದ್ದು. ಕಪ್ಪು ರೇಷ್ಮೆ, ಬಿಳಿ ಲೇಸು, ಮುತ್ತು. ಮಾರ್ಟೆನ್‌ನ ಮನೆತನಕ್ಕೆ ಅಷ್ಟು ದುಡ್ಡು ಬಂದದ್ದು ಸಕ್ಕರೆಯ ಕಾರ್ಖಾನೆಯಿಂದ, ಆ ಸಕ್ಕರೆ ಬಂದದ್ದು ಬ್ರೆಜಿಲ್‌ನ ಗುಲಾಮರ ಬೆವರಿನಿಂದ. ಇದೆಲ್ಲ ಬೇಕಿತ್ತೇ, ಚಿತ್ರ ನೋಡಿ ಆನಂದಪಡಲು ಬಿಡಬಾರದೇ ಎಂದು ಗೊಣಗಿದವರು ಅಲ್ಲೂ ಇದ್ದರು. ನನ್ನ ಕೇಳಿದರೆ ಲೇಸು ಈಗ ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಲೆ ಎಷ್ಟೆಂದು ಗೊತ್ತಾಗಿದೆಯಲ್ಲ.

ಕೆಲವು ವಸ್ತುಗಳಿಗೆ ಚೀಟಿ ಬದಲಿಸಿದರೆ ಸಾಲದು, ಜಾಗವನ್ನೇ ಬದಲಿಸಬೇಕು. 1765ರಲ್ಲಿ ಕ್ಯಾಂಡಿಯ ಅರಮನೆಯಿಂದ ಲೂಟಿ ಮಾಡಿ ತಂದ ಬೆಳ್ಳಿ, ಬಂಗಾರ, ಮಾಣಿಕ್ಯದ ಕೆಲಸವಿರುವ ಒಂದು ಪುಟ್ಟ ತೋಪು ಈ ಮ್ಯೂಸಿಯಂನಲ್ಲಿತ್ತು. 2023ರಲ್ಲಿ ಶ್ರೀಲಂಕಾಕ್ಕೆ ಮರಳಿಸಿದರು.

ಏಷ್ಯಾದ ಮಂಟಪದಲ್ಲಿ ನಮ್ಮ ಕಡೆಯವರು ತಪ್ಪದೆ ನಿಲ್ಲುವುದು ಚೋಳರ ಕಾಲದ ನಟರಾಜನ ಮುಂದೆ. ಒಂದೂವರೆ ಮೀಟರ್ ಎತ್ತರ, ಸುಮಾರು 300 ಕಿಲೋ. ಒಳಗೆ ಟೊಳ್ಳೋ ಗಟ್ಟಿಯೋ ತಿಳಿಯಲು ಮಾಮೂಲು ಎಕ್ಸ್-ರೇ ಸಾಲದೆ, ರಾಟರ್‌ಡ್ಯಾಮ್ ಬಂದರಿನಲ್ಲಿ ಕಂಟೇನರುಗಳನ್ನು ತಪಾಸಣೆ ಮಾಡುವ ಯಂತ್ರದೊಳಗೆ ಲಾರಿಯ ಸಮೇತ ಕಳಿಸಿದರು. ಪ್ರಭಾವಳಿಯಿಂದ ಕಾಲಡಿಯ ಅಪಸ್ಮಾರನವರೆಗೆ ಗಟ್ಟಿ ಎರಕ. ಕಸ್ಟಮ್ಸ್ ತಪಾಸಣೆ ಮುಗಿಸಿಕೊಂಡ ಶಿವ ಬೇರೆಲ್ಲೂ ಇರಲಾರ. ನನ್ನ ಹೆಂಡತಿ ಅಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಕಾವಲಿನವನು ನೋಡಿ ಮುಗುಳ್ನಕ್ಕ, ಏನೂ ಹೇಳಲಿಲ್ಲ. ಕೈ ಮುಗಿಯುವವರಿಗೆ ಬೇಕಾದ ಚೀಟಿ ಯಾವುದು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಬಸರೂರಿಗೆ ಬಂದೆ. ಕೊಚ್ಚಿಯಲ್ಲೂ ಸಿಂಹಳದಲ್ಲೂ ಕೋಟೆ ಹಿಡಿದು ಕೂತ ಡಚ್ ಕಂಪನಿಗೆ ತನ್ನವರ ಹೊಟ್ಟೆಗೆ ಅಕ್ಕಿ ಬೇಕಿತ್ತು. ಅದು ಸಿಗುತ್ತಿದ್ದದ್ದು ಕೆಳದಿಯ ನಾಯಕರ ಈ ಕರಾವಳಿಯಲ್ಲಿ. 17ನೇ ಶತಮಾನದ ಉತ್ತರಾರ್ಧದಲ್ಲಿ ಬಸರೂರಿನಲ್ಲಿ ಅವರದೊಂದು ಕೋಠಿಯೂ ಇತ್ತು. ಪೆಟ್ಟಿಗೆಯಲ್ಲಿ ಪಾರಾದ ಆ ಗ್ರೋಷಿಯಸ್, ಸಮುದ್ರ ಯಾರೊಬ್ಬರ ಸೊತ್ತೂ ಅಲ್ಲ, ಪೋರ್ಚುಗೀಸರಿಗೆ ತಡೆಯುವ ಹಕ್ಕಿಲ್ಲ ಎಂದು 1609ರಲ್ಲೇ ಪುಸ್ತಕ ಬರೆದಿದ್ದ. ಆ ವಾದದ ಬೆನ್ನಿಗೇ ಹಡಗುಗಳು ಬಂದವು. ಬಿಜಾಪುರದ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಂತೂ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಡಚ್ ಚಿತ್ರಕಾರನೇ ಇದ್ದ. ಇಷ್ಟು ನಂಟಿದ್ದರೂ ರೈಕ್ಸ್‌ಮ್ಯೂಸಿಯಂನ ಕೋಣೆಗಳಲ್ಲಿ ನಾನು ಹುಡುಕಿದ ಒಂದು ವಸ್ತು ನನ್ನ ಕಣ್ಣಿಗೆ ಬೀಳಲಿಲ್ಲ: ಅಕ್ಕಿ ಮುಡಿ. ಬೈಹುಲ್ಲಿನ ಹಗ್ಗ ಸುತ್ತಿ, ಮರದ ಕೊಡತಿಯಿಂದ ತಟ್ಟಿ ಉಂಡೆ ಮಾಡಿದ ಮುಡಿ. ಮೆಣಸು, ಜಾಯಿಕಾಯಿ, ಪಿಂಗಾಣಿಗೆ ಗಾಜಿನ ಪೆಟ್ಟಿಗೆ ಇದೆ. ಅವನ್ನು ಕಾಯುತ್ತ ಕೂತವರು ಉಂಡ ಅನ್ನಕ್ಕೆ ಇಲ್ಲ. ಅದು ಇರುವುದು ಹೇಗ್‌ನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಒಂದು ಕಿಲೋಮೀಟರಿಗೂ ಉದ್ದಕ್ಕೆ ಜೋಡಿಸಿದ ಕಂಪನಿಯ ಕಾಗದಗಳ ನಡುವೆ. ಹಳೆಯ ಡಚ್ ಓದಬಲ್ಲ ಕನ್ನಡದ ಹುಡುಗರು ಆ ದೇಶದಲ್ಲಿ ಈಗ ಬೆಳೆಯುತ್ತಿದ್ದಾರೆ ಎಂಬುದೊಂದು ನನ್ನ ಭರವಸೆ.

ನಾನು ವಾಪಸು ಹೊರಡುವ ವಾರ ಮೊಮ್ಮಗಳು ತನ್ನ ಕೋಣೆಯ ಕಿಟಕಿಯ ಕಟ್ಟೆಯಲ್ಲಿ ಒಂದು ಮ್ಯೂಸಿಯಂ ತೆರೆದಳು. ಒಂದು ಚಿಪ್ಪು, ಮರದ ಡಚ್ ಪಾದರಕ್ಷೆಯ ಒಂದು ಜೊತೆ, ಯಕ್ಷಗಾನದ ಪುಟ್ಟ ಗೊಂಬೆ, ಮತ್ತೆ ನಾವು ಊರಿನಿಂದ ಒಯ್ದುಕೊಟ್ಟಿದ್ದ ಹಿತ್ತಾಳೆಯ ಪಾವು. ಪ್ರತಿಯೊಂದಕ್ಕೂ ಚೀಟಿ, ಮೇಲೆ ಡಚ್, ಕೆಳಗೆ ವಕ್ರವಕ್ರ ಕನ್ನಡ. ಪಾವಿನ ಚೀಟಿ ಹೀಗಿತ್ತು: "ಪಾವು. ಮುತ್ತಜ್ಜಿಯದು. ಅಕ್ಕಿ ಅಳೆಯಲು. ಇದು ನಿಜವಾದ್ದಾ? ಅಜ್ಜ ಹೌದು ಅಂತಾರೆ."

ಸಭೆಯ ಮುಂದೆ ಸುಳ್ಳು ಹೇಳಬಾರದು. ನನ್ನ ಅಮ್ಮನ ಪಾವು ಸ್ಟೀಲಿನ ಪಾತ್ರೆ ಬಂದ ಕಾಲಕ್ಕೇ ಗುಜರಿಗೆ ಹೋಗಿತ್ತು. ಇದು ಆಮೇಲೆ ನಾನು ಕುಂದಾಪುರದ ಸಂತೆಯಲ್ಲಿ ಕೊಂಡದ್ದು. ಭಾನುವಾರ ಅವಳು ಫೋನ್ ಮಾಡುತ್ತಾಳೆ, ಆಗ ಹೇಳಬೇಕೆಂದಿದ್ದೇನೆ. ಚೀಟಿಯಲ್ಲಿ ಇನ್ನೊಂದು ಸಾಲಿಗೆ ಜಾಗ ಬಿಟ್ಟಿದ್ದಾಳೋ ಇಲ್ಲವೋ ನೆನಪಿಲ್ಲ.